ಓದುವವನೆಂಬ ಹೆಸರು

ಕನ್ನಡದಲ್ಲಿ ‘ಓದು’ ಎಂಬ ಒಂದೇ ಮಾತು ಎರಡು ಕೆಲಸಗಳಿಗೆ ಸಲ್ಲುತ್ತದೆ. ಪರೀಕ್ಷೆಗಾಗಿ ಪಾಠವನ್ನು ಗಟ್ಟಿಮಾಡುವುದೂ ಓದೇ. ಕಥೆಯೊಂದರಲ್ಲಿ ಮೈಮರೆಯುವುದೂ ಓದೇ. ಆದರೆ ನಮ್ಮ ಮನೆಗಳಲ್ಲಿ ಮನ್ನಣೆ ಮೊದಲನೆಯದಕ್ಕೆ ಮಾತ್ರ. ಕಾದಂಬರಿ ಹಿಡಿದು ಕುಳಿತ ಹುಡುಗನಿಗೆ ‘ಅದನ್ನು ಬಿಟ್ಟು ಓದಿಕೋ’ ಎನ್ನುತ್ತೇವೆ! ಅಂಕಗಳು ಕಡಮೆಯಾದೊಡನೆ ‘ಇವನ ತಲೆಗೆ ಓದು ಹತ್ತದು’ ಎಂಬ ತೀರ್ಪು ಹೊರಬೀಳುತ್ತದೆ. ಹತ್ತಾರು ಬಾರಿ ಕೇಳಿದ ಆ ಮಾತನ್ನು ಹುಡುಗನೂ ನಂಬುತ್ತಾನೆ. ಸೋಮಾರಿತನವೆಂದು ನಾವು ಹಳಿಯುವ ಅವನ ಅನಾದರಕ್ಕೆ ಅನೇಕ ವೇಳೆ ಈ ನಂಬಿಕೆಯೇ ಮೂಲವೆಂದು ನನ್ನ ಅಭಿಪ್ರಾಯ.

ಇದನ್ನು ಉಪದೇಶ ಅಳಿಸಲಾರದು. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ದೊರೆಯಬೇಕೆಂಬುದನ್ನು ಎಸ್. ಆರ್. ರಂಗನಾಥನ್ ಅವರು 1931ರಲ್ಲಿಯೇ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳಲ್ಲಿ ಒಂದಾಗಿ ಹೇಳಿದರು. ಆ ಪುಸ್ತಕ ಯಾವುದೆಂದು ನಿರ್ಧರಿಸುವ ಹಕ್ಕು ಓದುಗನಿಗೆ ಬೇಡವೇ? ಅಧ್ಯಾಪಕರೂ ಆಗಿದ್ದ ಫ್ರೆಂಚ್ ಲೇಖಕ ದಾನಿಯೆಲ್ ಪೆನಾಕ್ 1992ರಲ್ಲಿ ಓದುಗನ ಹತ್ತು ಹಕ್ಕುಗಳನ್ನು ಪಟ್ಟಿಮಾಡಿದರು. ಪುಟಗಳನ್ನು ಹಾರಿಸುವ, ಅರ್ಧಕ್ಕೇ ನಿಲ್ಲಿಸುವ, ಓದದೆಯೇ ಇರುವ ಹಕ್ಕುಗಳೂ ಅದರಲ್ಲಿವೆ. ಬೆಳೆದವರಾದ ನಾವು ಈ ಹಕ್ಕುಗಳನ್ನು ದಿನವೂ ಅನುಭವಿಸುತ್ತ, ಮಕ್ಕಳಿಗೆ ಮಾತ್ರ ನಿರಾಕರಿಸುತ್ತೇವೆ.

ಹಾಗೆ ಬಿಟ್ಟರೆ ಹುಡುಗರು ಅಗ್ಗದ ಪುಸ್ತಕಗಳನ್ನೇ ಓದಿಯಾರೆಂಬ ಆಕ್ಷೇಪಣೆಯುಂಟು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ವಿಮರ್ಶಕರು ಲೆಕ್ಕಕ್ಕಿಡಲಿಲ್ಲ. ಆದರೂ ಅವುಗಳಿಂದ ಓದಿನ ರುಚಿ ಹತ್ತಿಸಿಕೊಂಡು ಮುಂದೆ ಕಾರಂತ, ಕುವೆಂಪು ಅವರ ಕೃತಿಗಳಿಗೆ ಬಂದವರು ಕನ್ನಡದಲ್ಲಿ ಕಡಮೆಯಿಲ್ಲ. ಏಣಿಯನ್ನು ತೆಗೆದಿಟ್ಟು ಅಟ್ಟವೇರೆಂದರೆ ಏರುವವರಾರು?

ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಬಾಗಿಲು ತೆರೆಯಿತು, ಸಂತೋಷ. ಒಳಗೆ ಬಂದ ಮಗುವಿಗೆ ಇದು ತನ್ನ ಮನೆಯೆನಿಸುವುದು ಇನ್ನೂ ದೊಡ್ಡ ಕೆಲಸ. ಉಪಾಧ್ಯಾಯರು ವಾರಕ್ಕೊಂದು ಅವಧಿಯನ್ನಾದರೂ ಪ್ರಶ್ನೆ, ಸಾರಾಂಶ, ಅಂಕಗಳಿಲ್ಲದ ಓದಿಗೆ ಮೀಸಲಿಡಲಿ. ತಡವರಿಸುವ ಹುಡುಗನನ್ನು ಎಲ್ಲರೆದುರು ನಿಲ್ಲಿಸಿ ಓದಿಸುವ ಬದಲು, ತಾವೇ ಒಂದು ಕಥೆಯನ್ನು ಕುತೂಹಲದ ಘಟ್ಟದವರೆಗೆ ಓದಿ, ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟುಹೋಗಲಿ. ಅದನ್ನು ಎತ್ತಿಕೊಂಡವನೊಡನೆ ಮರುದಿನ, ಪರೀಕ್ಷಕರಾಗಿ ಅಲ್ಲದೆ, ಅದೇ ಕಥೆಯನ್ನು ಓದಿದ ಇನ್ನೊಬ್ಬರಾಗಿ ಮಾತನಾಡಲಿ. ತಾನೂ ಓದುವವನೆಂಬುದು ಹುಡುಗನಿಗೆ ತಿಳಿಯುವುದು ಅಂತಹ ಮಾತಿನಿಂದ. ಅಂಕಪಟ್ಟಿಯಿಂದ ಅದು ತಿಳಿಯುವುದೆಂದು ನಾನು ನಂಬಲಾರೆ.