ಶಾಲೆಯ ಬಾಗಿಲಲ್ಲಿ ಬಂದೂಕು ಬೇಕೇ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಸದ್ಭಕ್ತರಲ್ಲಿ ಶಾಲಾ ಆಡಳಿತ ಮಂಡಳಿಗಳ ಸದಸ್ಯರು ಅನೇಕರು. ಪರವಾನಗಿ ಬಂದೂಕುಳ್ಳ ಮಾಜಿ ಸೈನಿಕರನ್ನು ಶಾಲೆಯ ಕಾವಲಿಗೆ ಏಕೆ ನೇಮಿಸಬಾರದೆಂದು ಅವರಲ್ಲಿ ಕೆಲವರು ನಮ್ಮನ್ನು ಕೇಳುವುದುಂಟು. ಮಕ್ಕಳ ಮೇಲಿನ ಮಮತೆಯಿಂದ ಹುಟ್ಟಿದ ಪ್ರಶ್ನೆಯಿದು, ಹಗುರವಾಗಿ ತಳ್ಳಿಹಾಕುವಂತಿಲ್ಲ.

2025ರ ಆಗಸ್ಟಿನಲ್ಲಿ ಉತ್ತರಾಖಂಡದ ಕಾಶೀಪುರದಲ್ಲಿ ಒಂಬತ್ತನೆಯ ತರಗತಿಯ ಬಾಲಕನು ತನ್ನ ಶಿಕ್ಷಕರ ಮೇಲೆಯೇ ಗುಂಡು ಹಾರಿಸಿದನು. ಪಿಸ್ತೂಲು ಒಳಗೆ ಬಂದದ್ದು ಬುತ್ತಿಯ ಡಬ್ಬಿಯಲ್ಲಿ. ಬಾಗಿಲಲ್ಲಿ ನಿಂತ ಬಂದೂಕು ಅದನ್ನು ತಡೆಯುತ್ತಿತ್ತೇ?

ಶಾಲಾ ಸಿಬ್ಬಂದಿಗೆ ಆಯುಧ ಕೊಡುವ ಪ್ರಯೋಗ ಹೆಚ್ಚಾಗಿ ನಡೆದಿರುವುದು ಅಮೆರಿಕದಲ್ಲಿ. ಫ್ಲಾರಿಡಾ ರಾಜ್ಯದಲ್ಲಿ ಅಂಥವರು ಷೆರಿಫ್ ಕಚೇರಿಯ ಉಸ್ತುವಾರಿಯಲ್ಲಿ 144 ಗಂಟೆಗಳ ತರಬೇತಿ ಪಡೆಯಬೇಕು. ಟೆನೆಸ್ಸಿಯ 2024ರ ಕಾನೂನಿನಂತೆ ಸ್ಥಳೀಯ ಪೊಲೀಸ್ ಮುಖ್ಯಸ್ಥರ ಒಪ್ಪಿಗೆಯಿಲ್ಲದೆ ಶಿಕ್ಷಕರು ಆಯುಧ ತರುವಂತಿಲ್ಲ. ಆದರೆ ಯಾರ ಬಳಿ ಆಯುಧವಿದೆಯೆಂಬುದನ್ನು ಪಾಲಕರಿಗೆ ತಿಳಿಸುವುದಿಲ್ಲ. ಠಾಣೆಗೆ ಗೊತ್ತು, ತಾಯಿಗೆ ಗೊತ್ತಿಲ್ಲ! ಇದು ನಮಗೆ ಸರಿಕಾಣದು. ಟೆಕ್ಸಾಸಿನ ಉವಾಲ್ಡೆಯಲ್ಲಿ 2022ರ ಮೇ 24ರಂದು 19 ಮಕ್ಕಳೂ ಇಬ್ಬರು ಶಿಕ್ಷಕಿಯರೂ ಹತರಾದಾಗ ಅಲ್ಲಿಗೆ ಬಂದ ಶಸ್ತ್ರಸಜ್ಜಿತ ಅಧಿಕಾರಿಗಳು 376 ಮಂದಿ. ಯಾರ ಆಜ್ಞೆ ಯಾರು ಪಾಲಿಸಬೇಕೆಂಬ ಸ್ಪಷ್ಟತೆಯಿಲ್ಲದೆ 77 ನಿಮಿಷಗಳು ಕಳೆದವು. ಅಲ್ಲಿ ಬಂದೂಕುಗಳಿಗೆ ಕೊರತೆಯಿರಲಿಲ್ಲ.

ಸಮವಸ್ತ್ರವಿಲ್ಲದೆ ಬಂದೂಕು ಹಿಡಿದು ಓಡುವವನು ಕಾವಲುಗಾರನೋ ದಾಳಿಕೋರನೋ ಎಂಬುದನ್ನು ಆಗತಾನೆ ಬಂದ ಪೊಲೀಸರು ಹೇಗೆ ಅರಿಯಬೇಕು?

ನಮ್ಮಲ್ಲಿ 1959ರ ಆಯುಧ ಕಾಯಿದೆಯಿದೆ. ಬೆಳೆರಕ್ಷಣೆಗೋ ಆತ್ಮರಕ್ಷಣೆಗೋ ಪಡೆದ ಪರವಾನಗಿಯೇ ಸಂಬಳದ ಕಾವಲಿಗೂ ಸಾಕೆಂದು ಭಾವಿಸಲಾಗದು. ಜಿಲ್ಲಾಧಿಕಾರಿಗಳನ್ನು ಲಿಖಿತವಾಗಿ ಕೇಳಬೇಕು. ಚುನಾವಣೆ ಬಂದೊಡನೆ ಬಂದೂಕುಗಳನ್ನು ಠಾಣೆಗೆ ಒಪ್ಪಿಸಬೇಕಾಗುವುದು ರೈತರಿಗೆ ಗೊತ್ತೇ ಇದೆ. ಆ ದಿನಗಳಲ್ಲಿ ಶಾಲೆ ಕಾಯುವುದು ಬರಿಗೈಯೇ.

1857ರಲ್ಲಿ ಆಯುಧ ಒಪ್ಪಿಸಲೊಲ್ಲದೆ ಪ್ರಾಣವನ್ನೇ ತೆತ್ತ ಹಲಗಲಿಯ ಬೇಡರ ನೆಲವಿದು. ಇಲ್ಲಿ ಆಯುಧವು ಅಭಿಮಾನದ ವಿಷಯವೆಂಬುದನ್ನು ನಾವು ಬಲ್ಲೆವು. ಆ ಅಭಿಮಾನವನ್ನು ಮಕ್ಕಳ ನಡುವೆ ತರುವುದು ಬೇಡವೆಂಬುದೇ ನಮ್ಮ ಅಭಿಪ್ರಾಯ.

ಠಾಣೆಯೊಂದಿಗಿನ ಸಂಪರ್ಕವಾದರೋ ಬಂದೂಕಿಲ್ಲದ ಶಾಲೆಗೂ ಬೇಕು. 2023ರ ಡಿಸೆಂಬರ್ 1ರಂದು ಬೆಂಗಳೂರಿನ ಹಲವು ಶಾಲೆಗಳಿಗೆ ಹುಸಿ ಬಾಂಬ್ ಬೆದರಿಕೆಯ ಇ-ಮೇಲ್ ಬಂದಿತು. ಅಂಥದು ನಮ್ಮೂರಿಗೆ ಬಂದರೆ ಮೊದಲು ಓದುವವರು ಯಾರು, 112ಕ್ಕೆ ಕರೆಮಾಡುವವರು ಯಾರು, ಮಕ್ಕಳನ್ನು ಯಾವ ಬಾಗಿಲಿನಿಂದ ಯಾವ ಬಯಲಿಗೆ ಕರೆದೊಯ್ಯಬೇಕು? ಶಾಲೆಯ ನಕ್ಷೆಯೊಂದನ್ನೂ ಮುಖ್ಯಗುರುಗಳ ಮತ್ತು ಕಾವಲುಗಾರರ ಫೋನ್ ಸಂಖ್ಯೆಗಳನ್ನೂ ಠಾಣೆಗೆ ಕೊಡಲು ಖರ್ಚಿಲ್ಲ. ಜೂನ್ ತಿಂಗಳ ಮೊದಲ ಪಾಲಕರ ಸಭೆಗೆ ಠಾಣಾಧಿಕಾರಿಗಳನ್ನು ಆಹ್ವಾನಿಸಿ, ಇವನ್ನೆಲ್ಲ ತಾಯಂದಿರ ಸಮಕ್ಷಮದಲ್ಲಿಯೇ ನಿರ್ಧರಿಸಬೇಕೆಂದು ಆಡಳಿತ ಮಂಡಳಿಗಳಲ್ಲಿ ಕೋರುತ್ತೇವೆ.