ರೋಗಕ್ಕೊಬ್ಬ ಡಾಕ್ಟರು, ರೋಗಿಗೆ ಯಾರು?

ಗದಗದಿಂದ ಪುಣೆಯ ಮಗನ ಮನೆಗೆ ಬಂದಿರುವ, 72 ವರ್ಷದ ಒಬ್ಬ ತಾಯಿಯನ್ನು ಊಹಿಸಿಕೊಳ್ಳಿ. ಇಂಥವರು ಪ್ರತಿ ಹೌಸಿಂಗ್ ಸೊಸೈಟಿಯಲ್ಲೂ ಸಿಗುತ್ತಾರೆ. ಸಕ್ಕರೆ, ಬಿಪಿ, ಮೊಣಕಾಲು ನೋವು, ದಮ್ಮು: ನಾಲ್ಕು ಕಾಯಿಲೆ, ನಾಲ್ಕು ಡಾಕ್ಟರು, ನಾಲ್ಕು ಫೈಲು.

ಬಿಪಿಗೆಂದು ಅಮ್ಲೋಡಿಪಿನ್ ಕೊಡುತ್ತಾರೆ. ಅದರಿಂದ ಕೆಲವರಿಗೆ ಕಾಲು ಬಾಯುತ್ತದೆ. ಬಾತ ಕಾಲನ್ನು ನೋಡಿದ ಇನ್ನೊಬ್ಬರು ಹೊಸ ತೊಂದರೆಯೆಂದು ತಿಳಿದು ಮೂತ್ರ ಹೆಚ್ಚಿಸುವ ಮಾತ್ರೆ ಬರೆಯುತ್ತಾರೆ. ಈಗ ರಾತ್ರಿ ಮೂರು ಸಲ ಏಳಬೇಕು. "ಎದ್ದು ನಿಂತರ ಕಣ್ಣಿಗೆ ಕತ್ತಲಿ ಬರತೈತಿ" ಎನ್ನುತ್ತಾರೆ ತಾಯಿ. ಮಗ ಡಾಕ್ಟರ ಮುಂದೆ ಹಿಂದಿಯಲ್ಲಿ 'ಚಕ್ಕರ್' ಎಂದಷ್ಟೇ ಹೇಳುತ್ತಾನೆ. ನಿಂತಾಗ ಬಿಪಿ ಕುಸಿಯುತ್ತಿದೆಯೇ ಎಂದು ಅಳೆದು ನೋಡಲು ಬೇಕಿದ್ದ ಸುಳಿವೇ ಬಿಟ್ಟುಹೋಯಿತು. ತಲೆಸುತ್ತಿಗೆ ಮತ್ತೊಂದು ಮಾತ್ರೆ ಸೇರುತ್ತದೆ. ಅತ್ತ ಮೊಣಕಾಲಿಗೆ ಕೊಟ್ಟ ಡೈಕ್ಲೋಫೆನಾಕ್ ಬಿಪಿಯನ್ನು ಏರಿಸಬಲ್ಲದು, ಕಿಡ್ನಿಗೂ ಪೆಟ್ಟು ಕೊಡಬಲ್ಲದು.

ಪ್ರತಿ ಚೀಟಿಯೂ ತನ್ನ ಮಟ್ಟಿಗೆ ಸರಿಯೇ ಇರಬಹುದು. ಆದರೆ ನಾಲ್ಕನ್ನೂ ಒಟ್ಟಿಗೆ ಹರಡಿಕೊಂಡು ನೋಡುವುದು ಯಾರ ಕೆಲಸವೂ ಅಲ್ಲ. ಆ ಕೆಲಸ ಫ್ಯಾಮಿಲಿ ಡಾಕ್ಟರದು. ಅವರನ್ನು ನೆಗಡಿ ಜ್ವರಕ್ಕೆ, ಸರ್ಟಿಫಿಕೇಟಿಗೆ ಮಾತ್ರ ಉಳಿಸಿಕೊಂಡದ್ದು ನಮ್ಮ ವ್ಯವಸ್ಥೆಯ ದೊಡ್ಡ ತಪ್ಪು.

ಇದು ಮುಪ್ಪಿನ ಸಹಜ ಕಷ್ಟ ಎಂದು ಕೈತೊಳೆದುಕೊಳ್ಳುವಂತಿಲ್ಲ. ಸ್ಕಾಟ್ಲೆಂಡಿನ ಸುಮಾರು 17.5 ಲಕ್ಷ ಜನರ ದಾಖಲೆಗಳನ್ನು ನೋಡಿದ 2012ರ ಅಧ್ಯಯನದಲ್ಲಿ, ಹಲವು ಕಾಯಿಲೆ ಒಟ್ಟಿಗಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ 65ರೊಳಗಿನವರು. ಬಡ ಪ್ರದೇಶಗಳಲ್ಲಿ ಈ ಸ್ಥಿತಿ 10ರಿಂದ 15 ವರ್ಷ ಮೊದಲೇ ಬಂದಿತ್ತು.

ನಮ್ಮಲ್ಲಿ 2024ರಲ್ಲಿ ಆಯುಷ್ಮಾನ್ ಭಾರತ್ ಯೋಜನೆಯನ್ನು 70 ದಾಟಿದ ಎಲ್ಲರಿಗೂ ವಿಸ್ತರಿಸಲಾಯಿತು. ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ, ಅದೂ ಆಸ್ಪತ್ರೆಗೆ ದಾಖಲಾದರೆ. ಅಂದರೆ ಆ ತಾಯಿ ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಹಣ ಬರುತ್ತದೆ. ಬೀಳದಂತೆ ಅರ್ಧ ಗಂಟೆ ಕೂತು ಮಾತ್ರೆಗಳನ್ನು ಪರಿಶೀಲಿಸುವ ಡಾಕ್ಟರಿಗೆ ಬರುವುದಿಲ್ಲ.

ಇಂಥ ಪರಿಶೀಲನೆಯಿಂದ ಲಾಭವೇನು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಬ್ರಿಟನ್ನಿನ 33 ಕ್ಲಿನಿಕ್ಕುಗಳಲ್ಲಿ ಎಲ್ಲ ಕಾಯಿಲೆಗಳನ್ನೂ ಒಟ್ಟಿಗೆ ನೋಡುವ ಪ್ರಯೋಗ ನಡೆಯಿತು. 2018ರಲ್ಲಿ ಬಂದ ಅದರ ಫಲಿತಾಂಶದಲ್ಲಿ ರೋಗಿಗಳ ಜೀವನದ ಗುಣಮಟ್ಟ ಸುಧಾರಿಸಿರಲಿಲ್ಲ. ಆದರೆ ತಮ್ಮನ್ನು ಮೊದಲಿಗಿಂತ ಚೆನ್ನಾಗಿ ನೋಡಿಕೊಂಡರು ಎಂದು ಅವರು ಹೇಳಿದ್ದರು. ಪವಾಡ ಆಗಲಿಲ್ಲ, ನಿಜ. ಆದರೆ ಅಲ್ಲಿ ಹೋಲಿಸಿದ್ದು ಮೊದಲೇ ಒಬ್ಬ ಫ್ಯಾಮಿಲಿ ಡಾಕ್ಟರು ಇದ್ದವರನ್ನು. ನಮ್ಮಲ್ಲಿ ಆ ಮೊದಲ ಮೆಟ್ಟಿಲೇ ಇಲ್ಲ.

ಆದ್ದರಿಂದ ಕೇಳಬೇಕಾದದ್ದು ಇನ್ನೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯನ್ನಲ್ಲ. ಇಡೀ ಪಟ್ಟಿಯ ಹೊಣೆ ಹೊರುವ ಒಬ್ಬ ಡಾಕ್ಟರು, ಆ ಸಮಯಕ್ಕೆ ವಿಮೆಯಿಂದ ಶುಲ್ಕ, ರೋಗಿಯ ಮಾತನ್ನು ಅವರದೇ ಭಾಷೆಯಿಂದ ಪೂರ್ತಿ ದಾಟಿಸುವ ವ್ಯವಸ್ಥೆ. ಅಲ್ಲಿಯವರೆಗೆ ಮಾತ್ರೆಗಳನ್ನು ಮನೆಯಲ್ಲೇ ನಿಲ್ಲಿಸುವುದು ಬೇಡ, ಅದೂ ಅಪಾಯವೇ. ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ, ಒಬ್ಬ ಡಾಕ್ಟರ ಮೇಜಿನ ಮೇಲೆ ಸುರಿದು ಕೇಳಬೇಕು: ಇವುಗಳಲ್ಲಿ ಯಾವುದು ಇನ್ನೂ ಬೇಕು?