ಡಿಸೆಂಬರಿನಲ್ಲಿ ಊರಿಗೆ ಬರುವವರಿಗೆ

ದೀಪಾವಳಿ ಸಮೀಪಿಸಿತೆಂದರೆ ಅಮೆರಿಕ, ಕೆನಡಾ, ಇಂಗ್ಲೆಂಡುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಿಂದಲೂ ಬಂಧುಗಳಿಂದಲೂ ಒಂದೇ ಧಾಟಿಯ ಪತ್ರಗಳು ಬರತೊಡಗುತ್ತವೆ. "ಸಾರ್, ಕ್ರಿಸ್‌ಮಸ್ ರಜೆಗೆ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದೇವೆ. ಹವೆ ಹೇಗಿರುತ್ತದೆ? ಜೋಗ, ಆಗುಂಬೆ, ಕೊಡಚಾದ್ರಿ ಎಲ್ಲವನ್ನೂ ತೋರಿಸಬೇಕೆಂದಿದ್ದೇವೆ." ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವುದಕ್ಕಿಂತ ನನ್ನ ಅಭಿಪ್ರಾಯವನ್ನು ಇಲ್ಲಿ ಒಮ್ಮೆಗೇ ಹೇಳಿಬಿಡುವುದು ಮೇಲೆಂದು ತೋರಿತು. ಭೂಗೋಳ ಬೋಧಿಸಿದವನಾದ್ದರಿಂದ ಸ್ವಲ್ಪ ಪಾಠದ ವಾಸನೆ ಬಂದರೆ ಸಹಿಸಿಕೊಳ್ಳಿ.

ಉಷ್ಣವಲಯದ ನಾಡೆಂದರೆ ವರ್ಷವಿಡೀ ಒಂದೇ ಸೆಕೆ ಎಂಬ ಭಾವನೆ ಹೊರದೇಶದ ಮಕ್ಕಳಲ್ಲಿ ಮಾತ್ರವಲ್ಲ, ಹದಿನೈದು ವರ್ಷ ಹೊರಗಿದ್ದ ಅವರ ತಂದೆತಾಯಂದಿರಲ್ಲೂ ಬೆಳೆದುಬಿಟ್ಟಿದೆ. ಶಿವಮೊಗ್ಗ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಶಿಕಾಗೋ 42ರಲ್ಲಿ. ಡಿಸೆಂಬರ್ 22ರ ನಡುಹಗಲಿನಲ್ಲಿ ಸೂರ್ಯನು ಶಿಕಾಗೋದ ದಿಗಂತದಿಂದ 25 ಡಿಗ್ರಿ ಮಾತ್ರ ಮೇಲೇರಿದರೆ, ನಮ್ಮಲ್ಲಿ 52 ಡಿಗ್ರಿಗೂ ಮೇಲಿರುತ್ತಾನೆ. ಆದ್ದರಿಂದ ಮಧ್ಯಾಹ್ನ ಬಿಸಿಲು 30 ಡಿಗ್ರಿಯ ಸಮೀಪಕ್ಕೆ ಹೋಗುತ್ತದೆ. ಆದರೆ ಆಕಾಶದಲ್ಲಿ ಮೋಡವಿರುವುದಿಲ್ಲ, ಗಾಳಿಯಲ್ಲಿ ತೇವ ಕಡಿಮೆ. ಹಗಲು ಕಾದ ನೆಲ ರಾತ್ರಿ ಬೇಗ ಆರಿ, ಬೆಳಗಿನ ಜಾವಕ್ಕೆ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಮಂಜಿನಲ್ಲಿ ಬೆಳೆದ ಮಕ್ಕಳಿಗೆ ಇದು ಯಾವ ಲೆಕ್ಕ ಎನ್ನುವಿರಿ. ಅಲ್ಲಿಯ ಮನೆಗಳಲ್ಲಿ ಹೀಟರು ಇರುತ್ತದೆ. ಭದ್ರಾವತಿಯ ಹಂಚಿನ ಮನೆಯಲ್ಲಿ ಚಳಿಯೂ ಮನೆಯ ಸದಸ್ಯನೇ. ಒಂದೊಂದು ಸ್ವೆಟರು ಕೈಚೀಲದಲ್ಲಿಯೇ ಇರಲಿ.

ಎರಡನೆಯ ವಿಷಯ, ಬರುವ ದಿನ. ಈಶಾನ್ಯ ಮಾರುತದ ಮಳೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇರುತ್ತದೆ. ಬಂಗಾಳ ಕೊಲ್ಲಿಯ ಚಂಡಮಾರುತಗಳಿಗೂ ಅದೇ ಕಾಲ. 2015ರ ಡಿಸೆಂಬರ್ ಆರಂಭದ ಮಹಾಮಳೆಯಲ್ಲಿ ಚೆನ್ನೈ ವಿಮಾನ ನಿಲ್ದಾಣ ಹಲವು ದಿನ ಮುಚ್ಚಿತ್ತು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗಲೂ ಮುಚ್ಚಿತು. ಚೆನ್ನೈ ಮಾರ್ಗವಾಗಿ ಬರುವವರು ತಿಂಗಳ ಮೊದಲರ್ಧವನ್ನು ತಪ್ಪಿಸುವುದು ಲೇಸು. ದೆಹಲಿಯ ಮೂಲಕ ಬರುವವರಿಗೆ ಇದಕ್ಕೆ ವಿರುದ್ಧವಾದ ತೊಂದರೆ: ಅಲ್ಲಿ ಡಿಸೆಂಬರ್ ಕೊನೆಯಿಂದ ಜನವರಿಯವರೆಗೆ ದಟ್ಟ ಮಂಜು. ನಮ್ಮ ಸೋಗಾನೆಯಲ್ಲಿ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಕುವೆಂಪು ವಿಮಾನ ನಿಲ್ದಾಣ ನಮಗೆಲ್ಲ ಹೆಮ್ಮೆಯೇ. ಆದರೂ ಬೆಳಗಿನ ಇಬ್ಬನಿಗೆ ವಿಮಾನದ ವೇಳಾಪಟ್ಟಿ ತಿಳಿಯದು. ಹಿಂತಿರುಗುವಾಗ ಬೆಂಗಳೂರಿನಿಂದ ಹೊರಡುವ ವಿಮಾನಕ್ಕೆ ಅದೇ ದಿನ ಇಲ್ಲಿಂದ ಹೊರಡುವ ಸಾಹಸ ಬೇಡ. ಹಿಂದಿನ ದಿನವೇ ರೈಲು ಹತ್ತಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು, ನೀವಾರೂ ಕೇಳದೇ ಇರುವುದು. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪತ್ತೆಯಾದ ರೋಗವನ್ನು ಲೋಕವೆಲ್ಲ ಇಂದಿಗೂ ಆ ಊರಿನ ಹೆಸರಿನಿಂದಲೇ ಕರೆಯುತ್ತದೆ. ನಾವು ಮಂಗನ ಕಾಯಿಲೆ ಎನ್ನುತ್ತೇವೆ. ಅದನ್ನು ಹರಡುವುದು ಉಣುಗು. ಮಳೆ ನಿಂತು ತರಗೆಲೆ ಒಣಗಿದ ಮೇಲೆ ಮರಿ ಉಣುಗುಗಳು ಹೆಚ್ಚುತ್ತವೆ. ಆದ್ದರಿಂದ ಡಿಸೆಂಬರಿನಿಂದ ಬೇಸಗೆಯವರೆಗೆ ಕಾಯಿಲೆಯ ಕಾಲ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸೀಮೆಯಲ್ಲಿ ಅದು ಕಾಣಿಸಿಕೊಂಡಾಗ ಎಷ್ಟು ಮನೆಗಳು ನಲುಗಿದವೆಂಬುದು ಇಲ್ಲಿದ್ದವರಿಗೆ ನೆನಪಿದೆ. ಶಿವಮೊಗ್ಗ, ಭದ್ರಾವತಿ ಪೇಟೆಗಳಲ್ಲಿ ಓಡಾಡುವವರು ಹೆದರಬೇಕಿಲ್ಲ. ಆದರೆ "ಮಕ್ಕಳಿಗೆ ಕಾಡು ತೋರಿಸೋಣ" ಎಂದು ಚಡ್ಡಿ ತೊಡಿಸಿ ತರಗೆಲೆಯ ಮೇಲೆ ಕೂರಿಸುವುದಕ್ಕೆ ಇದು ಕಾಲವಲ್ಲ. ಹೋಗಲೇಬೇಕೆಂದರೆ ಮೊದಲು ಆ ಊರಿನ ಆರೋಗ್ಯ ಕಾರ್ಯಕರ್ತೆಯರನ್ನು ವಿಚಾರಿಸಿ, ಮೈತುಂಬ ಬಟ್ಟೆ ತೊಟ್ಟು, ಅವರು ಕೊಡುವ ಎಣ್ಣೆ ಸವರಿಕೊಂಡು ಹೋಗಿ. ಮರಳಿದ ಮೇಲೆ ಬಿಸಿನೀರಿನ ಸ್ನಾನ ಮಾಡಿ. ಒಂದು ವಾರದೊಳಗೆ ಜ್ವರ ಬಂದರೆ, ನೀವು ಯಾವ ದೇಶದಲ್ಲಿದ್ದರೂ ಸರಿ, ಮಲೆನಾಡಿನ ಕಾಡಿಗೆ ಹೋಗಿದ್ದುದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಇನ್ನು ಜೋಗ. ಶರಾವತಿಗೆ ಲಿಂಗನಮಕ್ಕಿಯಲ್ಲಿ 1964ರಲ್ಲಿ ಅಣೆಕಟ್ಟಾದ ಮೇಲೆ ನೀರು ಮೊದಲು ವಿದ್ಯುತ್ತಿಗೆ, ಆಮೇಲೆ ನೋಟಕ್ಕೆ. ಡಿಸೆಂಬರಿನ ಕೊನೆಯಲ್ಲಿ 253 ಮೀಟರಿನ ಆ ಬಂಡೆಯ ಮೇಲೆ ಕಾಣುವುದು ನಾಲ್ಕಾರು ಬಿಳಿಯ ಎಳೆಗಳು. ನಯಾಗರ ನೋಡಿದ ಹುಡುಗ ಅದನ್ನು ಕಂಡು "ಇಷ್ಟೇನಾ?" ಎಂದರೆ ತಪ್ಪು ಅವನದಲ್ಲ, ಜೋಗದ್ದೂ ಅಲ್ಲ. ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಯೂ ಹಾಗೆಯೇ; ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಗೂಡುಕಟ್ಟಿದ ಹಕ್ಕಿಗಳು ಅಷ್ಟರಲ್ಲಿ ಮರಿಗಳೊಂದಿಗೆ ಹಾರಿಹೋಗಿರುತ್ತವೆ. ಧನುರ್ಮಾಸ ಬೇರೆ, ಮದುವೆ ಮುಂಜಿಗಳೂ ಇರುವುದಿಲ್ಲ.

ಹಾಗಾದರೆ ಡಿಸೆಂಬರಿನಲ್ಲಿ ಬರಬೇಡಿರೆಂದು ನನ್ನ ಅಭಿಪ್ರಾಯವೆ? ಖಂಡಿತ ಅಲ್ಲ. ಬನ್ನಿ, ಆದರೆ ಡಿಸೆಂಬರಿನಲ್ಲಿ ಏನಿದೆಯೋ ಅದಕ್ಕಾಗಿ ಬನ್ನಿ. ಆಗುಂಬೆಯ ಸೂರ್ಯಾಸ್ತಕ್ಕೆ ತಿಳಿಯಾದ ಆಕಾಶ ಬೇಕು, ಅದು ಈಗಲೇ ಸಿಗುವುದು. ಅಡಿಕೆ ಕೊಯ್ಲಿನ ಕಾಲ. ಕೊನೆ ಇಳಿಸಿ, ಸುಲಿದು, ಬೇಯಿಸಿ, ಅಂಗಳದಲ್ಲಿ ಒಣಹಾಕುವುದನ್ನು ಮಕ್ಕಳು ನೋಡಲಿ. ಅವರೆಕಾಯಿ ಸೊಗಡು ಏರಿರುತ್ತದೆ. ಸಕ್ರೆಬೈಲಿನ ಆನೆಗಳು ನದಿಯಲ್ಲಿ ಮೀಯುವುದನ್ನು ಬೆಳಗ್ಗೆ ಎಳೆಬಿಸಿಲಿನಲ್ಲಿ ನೋಡಬಹುದು. ಸಂಜೆ ನಮ್ಮ ಊರುಗಳ ಬೀದಿಗಳಲ್ಲಿ ಬೆವರದೆ ನಡೆಯಬಹುದು.

ನನ್ನ ನಿಜವಾದ ತಕರಾರು ಬೇರೆ. ಪ್ರವಾಸದ ದಿನವನ್ನು ಗೊತ್ತುಮಾಡುವುದು ಋತುವಲ್ಲ, ಅಲ್ಲಿಯ ಶಾಲೆಯ ಪಂಚಾಂಗ, ಅದು ಅನಿವಾರ್ಯ. ಆದರೆ ಸಿಕ್ಕ ಎರಡು ವಾರಗಳಲ್ಲಿ ಹನ್ನೆರಡು ಊರು ತೋರಿಸುವ ಹಠ ಅನಿವಾರ್ಯವಲ್ಲ. ಬೆಳಗ್ಗೆ ಐದಕ್ಕೆ ಕೊರೆಯುವ ಚಳಿಯಲ್ಲಿ ಕಾರು ಹೊರಡುತ್ತದೆ; "ನೀವೂ ಬನ್ನಿ" ಎಂದು ಎಪ್ಪತ್ತೈದು ದಾಟಿದ ಅಪ್ಪ ಅಮ್ಮನನ್ನೂ ಕೂರಿಸಿಕೊಳ್ಳುತ್ತೀರಿ. ಬೇಡವೆನ್ನಲು ಅವರಿಗೆ ಮನಸ್ಸು ಬರುವುದಿಲ್ಲ. ಚಳಿಗಾಳಿ, ರಸ್ತೆಯ ಧೂಳು ಎರಡೂ ಸೇರಿ ದಮ್ಮು ಕೆರಳುತ್ತದೆ. ನೀವು ವಿಮಾನ ಹತ್ತಿದ ಮೇಲೆ ಅವರು ಕೆಮ್ಮುತ್ತ ವೈದ್ಯರಲ್ಲಿಗೆ ಹೋಗುತ್ತಾರೆ. ಫೋನಿನಲ್ಲಿ ಮಾತ್ರ "ಚೆನ್ನಾಗಿದ್ದೇವೆ" ಎನ್ನುತ್ತಾರೆ. ಇದನ್ನು ನಾನು ಊಹಿಸಿ ಬರೆಯುತ್ತಿಲ್ಲ. ನನ್ನ ಸಮವಯಸ್ಕರ ಮನೆಗಳಲ್ಲಿ ವರ್ಷವರ್ಷವೂ ನೋಡುತ್ತಿದ್ದೇನೆ. ಬಿಸಿಲು ಏರಿದ ಮೇಲೆ ಹೊರಡಿ, ಕತ್ತಲಾಗುವ ಮುನ್ನ ಮರಳಿ. ದಿನಕ್ಕೊಂದೇ ಊರು ಸಾಕು. ಎರಡು ದಿನಕ್ಕೊಂದಾದರೆ ಇನ್ನೂ ಒಳ್ಳೆಯದು.

ಸಣ್ಣದೊಂದು ಲೆಕ್ಕ ಕೊಡುತ್ತೇನೆ. ಎರಡು ವರ್ಷಕ್ಕೊಮ್ಮೆ, ಒಂದು ಬಾರಿಗೆ ಹದಿನಾಲ್ಕು ದಿನ ಬರುವ ಮಗನಿಗೆ ಮುಂದಿನ ಹತ್ತು ವರ್ಷಗಳಲ್ಲಿ ತಂದೆತಾಯಿಯರೊಡನೆ ಸಿಗುವುದು ಎಪ್ಪತ್ತು ದಿನ. ಅದರಲ್ಲಿ ಎಷ್ಟು ದಿನವನ್ನು ಕಾರಿನ ಕಿಟಕಿಗೆ ಕೊಡಬೇಕೆಂಬುದನ್ನು ನೀವೇ ಯೋಚಿಸಿ.

ಕೊನೆಯದಾಗಿ ಒಂದು ಬೇಡಿಕೆ. ಐದು ಸಲ ಬಂದರೆ ಅದರಲ್ಲಿ ಒಂದು ಸಲವಾದರೂ ಮಳೆಗಾಲದಲ್ಲಿ ಬನ್ನಿ. ಅಲ್ಲಿಯ ಬೇಸಗೆ ರಜೆ ಇಲ್ಲಿಯ ಆಷಾಢ ಶ್ರಾವಣಗಳಿಗೆ ಹೊಂದುತ್ತದೆ. ಉಂಬಳ ಹತ್ತುತ್ತವೆ, ಬಟ್ಟೆ ಒಣಗದು, ಸೊಳ್ಳೆಗಳಿಂದ ಜಾಗ್ರತೆಯಾಗಿರಬೇಕು, ಘಾಟಿಯಲ್ಲಿ ಮಣ್ಣು ಕುಸಿದು ರಸ್ತೆ ನಿಲ್ಲುವುದೂ ಉಂಟು, ಇವನ್ನು ಮುಚ್ಚಿಡುವುದಿಲ್ಲ. ಆದರೆ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯನ್ನು ಒಣಹವೆಯಲ್ಲಿ ಮಾತ್ರ ಕಂಡ ಮಗು ಮಲೆನಾಡನ್ನು ಕಂಡಂತಾಗುವುದಿಲ್ಲ. ಹೊರಗೆ ಹೋಗಲಾರದ ಆ ದಿನಗಳಲ್ಲಿ ಅಜ್ಜ ಅಜ್ಜಿಯರೂ ಮೊಮ್ಮಕ್ಕಳೂ ಒಂದೇ ಸೂರಿನಡಿ ಇಡೀ ದಿನ ಕೂರಲೇಬೇಕಾಗುತ್ತದೆ. ಮಳೆ ಮಾಡುವ ಆ ಉಪಕಾರವನ್ನು ಯಾವ ಪ್ರವಾಸದ ಪಟ್ಟಿಯೂ ಮಾಡದು.

ಬರುವ ಮುನ್ನ ಪತ್ರ ಬರೆಯಿರಿ. ಆ ವಾರದ ಹವೆ ಹೇಗಿದೆಯೆಂದು ನೋಡಿ ತಿಳಿಸುತ್ತೇನೆ. ಶುಭವಾಗಲಿ.